ಗಿಟಾರ್ ಟ್ಯಾಬ್: ಅಂಕಿ ಸರಿಯಾಗಿ ಒತ್ತುತ್ತಿದ್ದೇನೆ, ಹಾಡು ಮಾತ್ರ ಬರ್ತಿಲ್ಲ

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಗಿಟಾರ್ ಹಿಡಿದಿದ್ದೇನೆ. ಅಕೌಸ್ಟಿಕ್, ಸ್ಟೀಲ್ ತಂತಿ. ಸಿ, ಜಿ, ಇ ಮೈನರ್ ಕಾರ್ಡ್‌ಗಳು (ಕೆಲವು ಸ್ವರ ಒಟ್ಟಿಗೆ ಮೀಟುವುದು) ಹೇಗೋ ಕೈಗೆ ಕೂತಿವೆ. ಈಗ ಹಾಡಿನ ಟ್ಯೂನನ್ನೇ ನುಡಿಸಬೇಕು ಅಂತ ಆಸೆ.

ಗೆಳೆಯನೊಬ್ಬ ಒಂದು ಹಳೇ ಸಿನಿಮಾ ಹಾಡಿನ ಟ್ಯಾಬ್ ವಾಟ್ಸಾಪಿನಲ್ಲಿ ಕಳಿಸಿದ. ಆರು ಗೆರೆ, ಅದರ ಮೇಲೆ ಅಂಕಿಗಳು. "ಗೆರೆ ಅಂದ್ರೆ ತಂತಿ, ಅಂಕಿ ಅಂದ್ರೆ ಫ್ರೆಟ್, ಕುತ್ತಿಗೆ ಮೇಲಿನ ಲೋಹದ ಪಟ್ಟಿ, ಒತ್ತಿ ಮೀಟು, ಅಷ್ಟೇ" ಅಂದ. ಹಾಗೇ ಮಾಡುತ್ತಿದ್ದೇನೆ. ಪಕ್ಕದಲ್ಲಿ ಕೂತ ತಂಗಿ "ಇದು ಯಾವ ಹಾಡು?" ಅಂತ ಕೇಳ್ತಾಳೆ. ಅವಳಿಗೆ ಆ ಹಾಡು ಬಾಯಿಪಾಠ ಬರುತ್ತೆ, ಅದು ಬೇರೆ ವಿಷಯ.

ಮೇಲಿನ ಗೆರೆ ದಪ್ಪ ತಂತಿನಾ, ಸಣ್ಣ ತಂತಿನಾ? ಅಂಕಿಗಳ ಮಧ್ಯೆ ಹೆಚ್, ಪಿ, ಬಿ ಅಂತ ಅಕ್ಷರಗಳೂ ಇವೆ, ಅವು ಏನು? ಯಾರಾದ್ರೂ ಬಿಡಿಸಿ ಹೇಳಿದರೆ ಉಪಕಾರ.

ಆರನೇ ತಂತಿ

ಮೇಲಿನ ಗೆರೆ ಸಣ್ಣ ತಂತಿ. ಅಂದರೆ ಒಂದನೇ ತಂತಿ, ನಿಮ್ಮ ಪಾದದ ಕಡೆಗೆ ಇರುವುದು. ಕೆಳಗಿನ ಗೆರೆ ಆರನೇ ತಂತಿ, ದಪ್ಪದ್ದು. ಗಿಟಾರ್ ಹಿಡಿದಾಗ ದಪ್ಪ ತಂತಿ ಮೇಲೆ ಇರುತ್ತಲ್ಲ, ಟ್ಯಾಬಿನಲ್ಲಿ ಯಾಕೆ ಉಲ್ಟಾ ಅಂತ ಎಲ್ಲರಿಗೂ ಗೊಂದಲ ಆಗುತ್ತೆ. ಒಂದು ಕೆಲಸ ಮಾಡಿ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳು ಚಾವಣಿ ನೋಡಲಿ, ಕುತ್ತಿಗೆ ಎಡಕ್ಕಿರಲಿ. ಈಗ ಬಗ್ಗಿ ನೋಡಿ. ದಪ್ಪ ತಂತಿ ನಿಮ್ಮ ಹೊಟ್ಟೆಯ ಹತ್ತಿರ, ಸಣ್ಣ ತಂತಿ ದೂರ. ಕಾಗದದಲ್ಲಿ ದೂರ ಅಂದರೆ ಮೇಲೆ. ಟ್ಯಾಬ್ ಬರೆದಿರುವುದು ಹೀಗೆ ಮಲಗಿಸಿದ ಗಿಟಾರಿಗೆ.

ಮೇಲಿಂದ ಕೆಳಕ್ಕೆ ಗೆರೆಗಳ ಹೆಸರು ಇ, ಬಿ, ಜಿ, ಡಿ, ಎ, ಇ. ಸೊನ್ನೆ ಅಂದರೆ ಏನೂ ಒತ್ತದೆ ಬಿಡಿ ತಂತಿ ಮೀಟುವುದು. 3 ಅಂದರೆ ಮೂರನೇ ಫ್ರೆಟ್. ಬೆರಳು ಆ ಲೋಹದ ಪಟ್ಟಿಯ ಮೇಲಲ್ಲ, ಅದರ ಸ್ವಲ್ಪ ಹಿಂದೆ, ತಾಗುವಷ್ಟು ಹತ್ತಿರ. ಅಂಕಿಗಳು ಒಂದರ ಕೆಳಗೆ ಒಂದು ನಿಂತಿದ್ದರೆ ಎಲ್ಲವನ್ನೂ ಒಟ್ಟಿಗೆ ಮೀಟಬೇಕು. ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ತಂತಿಯನ್ನು ಸುಮ್ನೆ ಮುಟ್ಟಿ ಮೀಟಿ, ಟಕ್ ಅಂತ ಸದ್ದು ಬಂದರೆ ಸಾಕು.

ಇನ್ನೊಂದು ತೊಡಕು ಈಗಲೇ ಹೇಳಿಬಿಡ್ತೀನಿ. ಕಾರ್ಡನ್ನು ಅಡ್ಡಕ್ಕೆ ಬರೆಯುವ ರೂಢಿಯೂ ಇದೆ. ಸಿ ಕಾರ್ಡ್ ಅಂದರೆ ಎಕ್ಸ್-3-2-0-1-0. ಅಲ್ಲಿ ಎಡದಿಂದ ಶುರುವಾಗುವುದು ದಪ್ಪ ತಂತಿ. ಕಾರ್ಡ್ ಚಿತ್ರದಲ್ಲೂ, ಉದ್ದ ಗೆರೆಗಳ ಚೌಕ ಇರುತ್ತಲ್ಲ, ಎಡಗಡೆಯದು ದಪ್ಪ ತಂತಿಯೇ. ಟ್ಯಾಬಿನಲ್ಲಿ ಮಾತ್ರ ಮೇಲಿಂದ ಸಣ್ಣ ತಂತಿ. ಒಂದೇ ಪುಟದಲ್ಲಿ ಮೂರೂ ಇರುತ್ತವೆ. ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ.

ಮೊದಲು ಟ್ಯೂನಿಂಗ್ ನೋಡ್ಕೊಳ್ಳಿ. ಟ್ಯೂನರ್ ಇಲ್ಲದಿದ್ದರೆ ಆರನೇ ತಂತಿಯ 5ನೇ ಫ್ರೆಟ್ ಒತ್ತಿ, ಅದು ಬಿಡಿ ಐದನೇ ತಂತಿಗೆ ಸೇರಬೇಕು. ಹೀಗೇ ಮುಂದುವರಿಸಿ. ಮೂರನೇ ತಂತಿಯಲ್ಲಿ ಮಾತ್ರ 5 ಅಲ್ಲ, 4ನೇ ಫ್ರೆಟ್. ಅದನ್ನು ಮರೆತರೆ ಸಣ್ಣ ಎರಡು ತಂತಿ ಅಪಸ್ವರ, ಮತ್ತೆ ಟ್ಯೂನ್ ಇರುವುದು ಬಹುಪಾಲು ಆ ಎರಡರಲ್ಲೇ.

ಮಡಿಕೇರಿ ಮಂಜು

ವಾಟ್ಸಾಪಿನಲ್ಲಿ ಬಂದ ಟ್ಯಾಬ್ ಅಂದ್ರಲ್ಲ, ಅಲ್ಲೇ ಅರ್ಧ ಕತೆ ಕೆಟ್ಟಿರಬಹುದು. ಟೈಪ್ ಮಾಡಿದ ಟ್ಯಾಬ್ ಸರಿಯಾಗಿ ಕಾಣಬೇಕಾದರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟ್ ಬೇಕು. ಫೋನಿನ ಮಾಮೂಲಿ ಫಾಂಟಿನಲ್ಲಿ ಅಡ್ಡಗೆರೆಯ ಅಗಲ ಬೇರೆ, ಅಂಕಿಯ ಅಗಲ ಬೇರೆ. ಹಾಗಾಗಿ ಒಟ್ಟಿಗೆ ಮೀಟಬೇಕಾದ ಅಂಕಿಗಳು ಅತ್ತಿತ್ತ ಸರಿದು ಒಂದಾದ ಮೇಲೊಂದು ಬಂದಂತೆ ಕಾಣುತ್ತವೆ. ಉದ್ದ ಸಾಲು ಪರದೆಯಲ್ಲಿ ಹಿಡಿಸದೆ ಮುರಿದು ಕೆಳಗೆ ಬಂದರಂತೂ ಆರು ಗೆರೆ ಹನ್ನೆರಡಾಗುತ್ತೆ.

ಕಳಿಸುವವರು ಶುರುವಿಗೂ ಕೊನೆಗೂ ಮೂರು ಮೂರು ಬ್ಯಾಕ್‌ಟಿಕ್ (`) ಹಾಕಿ ಕಳಿಸಲಿ, ವಾಟ್ಸಾಪ್ ಅದನ್ನು ಸಮ ಅಗಲದ ಫಾಂಟಿನಲ್ಲಿ ತೋರಿಸುತ್ತೆ. ಫೋನನ್ನು ಅಡ್ಡ ತಿರುಗಿಸಿ ನೋಡಿ. ಆಮೇಲೆ 10, 12 ಅಂತ ಬಂದರೆ ಅದು ಒಂದು, ಆಮೇಲೆ ಸೊನ್ನೆ ಅಲ್ಲ. ಹತ್ತನೇ ಫ್ರೆಟ್, ಹನ್ನೆರಡನೇ ಫ್ರೆಟ್. ಎರಡು ಅಂಕಿಯ ಮಧ್ಯೆ ಅಡ್ಡಗೆರೆ ಇದೆಯಾ ನೋಡಿಕೊಳ್ಳಿ.

ಬೆಣ್ಣೆನಗರಿ

ಥ್ಯಾಂಕ್ಸ್ ಆರನೇ ತಂತಿ ಸರ್, ಮಂಜು ಅವರೇ. ಗೆಳೆಯನಿಂದ ಸ್ಕ್ರೀನ್‌ಶಾಟ್ ತರಿಸಿಕೊಂಡೆ, ಗೆರೆಗಳು ನೆಟ್ಟಗಿವೆ. ಟ್ಯೂನರ್ ಆಪ್ ಇದೆ, ಟ್ಯೂನಿಂಗ್ ಸರಿ. ತಂತಿಯೂ ಸರಿಯಾದ ಕಡೆಯಿಂದಲೇ ಓದುತ್ತಿದ್ದೇನೆ. ಆದ್ರೂ ತಂಗಿಗೆ ಹಾಡು ಗುರುತು ಸಿಗಲ್ಲ.

ಮೊದಲ ಸಾಲು ಹೀಗಿದೆ: ಎರಡನೇ ತಂತಿ ಮೇಲೆ 1, 1, 3. ಆಮೇಲೆ ಒಂದನೇ ತಂತಿ ಮೇಲೆ 0, 1, 0. ಎಲ್ಲ ಅಂಕಿಯ ಮಧ್ಯೆಯೂ ಒಂದೇ ಅಳತೆಯ ಜಾಗ. ಮೇಲೆ "ಕ್ಯಾಪೋ 2" ಅಂತ ಬರೆದಿದೆ. ನನ್ನ ಹತ್ತಿರ ಕ್ಯಾಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಇಲ್ಲ, ಅದಕ್ಕೇ ಹೀಗಾಗ್ತಿದೆಯಾ?

ಆರನೇ ತಂತಿ

ಕ್ಯಾಪೋ ಕಾರಣ ಅಲ್ಲ. ಕ್ಯಾಪೋ ಹಾಕದೆ ನುಡಿಸಿದರೆ ಇಡೀ ಹಾಡು ಎರಡು ಫ್ರೆಟ್‌ನಷ್ಟು ಕೆಳಗಿನ ಶ್ರುತಿಯಲ್ಲಿ ಬರುತ್ತೆ, ಅಷ್ಟೇ. ರೆಕಾರ್ಡಿನ ಜೊತೆ ನುಡಿಸಿದರೆ ಹೊಂದಲ್ಲ, ಆದರೆ ಒಬ್ಬರೇ ನುಡಿಸಿದಾಗ ಗುರುತು ಸಿಗಲೇಬೇಕು. ನಿಮ್ಮ ತಂಗಿ ಅಡುಗೆಮನೆಯಲ್ಲಿ ಹಾಡುವಾಗ ರೆಕಾರ್ಡಿನ ಶ್ರುತಿಯಲ್ಲೇನೂ ಹಾಡಲ್ಲ, ಅಲ್ವಾ?

ವೀಣೆಯವಳು

ನಾನು ಗಿಟಾರಿನವಳಲ್ಲ, ವೀಣೆ. ಮಗ ಗಿಟಾರ್ ಕಲಿಯುತ್ತಿರುವುದರಿಂದ ಟ್ಯಾಬ್ ಪುಸ್ತಕ ಮನೆಯಲ್ಲಿದೆ, ನಾನೂ ಓದಿ ನೋಡಿದ್ದೇನೆ. ಬೆಣ್ಣೆನಗರಿಯವರೇ, ನಿಮ್ಮ ಟ್ಯಾಬಿನಲ್ಲಿ ಜಾಗ ಇದೆ, ಕಾಲ ಇಲ್ಲ. ಯಾವ ತಂತಿ, ಯಾವ ಮನೆ ಅಂತ ಹೇಳುತ್ತೆ. ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳಲ್ಲ.

ನಮ್ಮ ಸ್ವರಲಿಪಿ ಇದಕ್ಕೆ ಸರಿಯಾಗಿ ಉಲ್ಟಾ. ಸ ಅಂತ ಬರೆದರೆ ಒಂದು ಅಕ್ಷರಕಾಲ, ಸಾ ಅಂದರೆ ಎರಡು. ಅಲ್ಪವಿರಾಮ ಹಾಕಿದರೆ ಇನ್ನೊಂದು ಅಕ್ಷರಕಾಲ ನಿಲ್ಲಬೇಕು. ಆದರೆ ಆ ಸ ವೀಣೆಯಲ್ಲಿ ಯಾವ ತಂತಿಯ ಮೇಲೆ ಅಂತ ಪುಸ್ತಕ ಹೇಳಲ್ಲ, ಮೇಷ್ಟ್ರು ತೋರಿಸುತ್ತಾರೆ.

ಸರಿ, ನಿಮ್ಮ ಸಾಲನ್ನೇ ತಗೊಳ್ಳೋಣ. ಎರಡನೇ ತಂತಿಯ 1ನೇ ಫ್ರೆಟ್ ಅಂದರೆ ಸಿ. ಅದನ್ನೇ ಷಡ್ಜ, ಅಂದರೆ ಸ, ಅಂತ ಇಟ್ಟುಕೊಂಡರೆ ನೀವು ಕೊಟ್ಟ ಆರು ಅಂಕಿ ಸ ಸ ರಿ ಗ ಮ ಗ ಆಗುತ್ತೆ. ಒಂದೇ ಸಮನಾಗಿ ಹೇಳಿ ನೋಡಿ: ಸ, ಸ, ರಿ, ಗ, ಮ, ಗ. ಸಂಗೀತದ ಮೊದಲ ಪಾಠದ ವರಸೆ ಒಪ್ಪಿಸಿದ ಹಾಗೆ ಕೇಳುತ್ತೆ. ಈಗ ಆರರ ಎಣಿಕೆ ಹಾಕಿ ಹೀಗೆ ಹೇಳಿ:

ಸಾ ಸ ರೀ ಗ | ಮಾ , ಗಾ , |

ಮೊದಲ ಆರಕ್ಕೆ ಉದ್ದ-ಗಿಡ್ಡ, ಉದ್ದ-ಗಿಡ್ಡ. ಮುಂದಿನ ಆರಕ್ಕೆ ಮೂರು ಮೂರು ಎಣಿಕೆಯ ಎರಡು ನಿಲುಗಡೆ. ನೀವು ಯಾವ ಹಾಡು ಅಂತ ಹೇಳಿಲ್ಲ, ಹಳೇ ಹಾಡು ಅಂದಿದ್ದಕ್ಕೆ ಈ ತೂಗಾಟ ಇರಬಹುದು ಅನ್ನಿಸಿತು. ಅದೇ ಹೌದಾ?

ಬೆಣ್ಣೆನಗರಿ

ಮೇಡಂ, ಅದೇ! ಬಾಯಲ್ಲಿ ಹೇಳಿದ ಕೂಡಲೇ ಆ ಕೋಣೆಯಿಂದ ತಂಗಿ ಮುಂದಿನ ಸಾಲು ಹಾಡಿದಳು.

ಕುಡ್ಲದ ಕಾರ್ಡ್

ಮೇಡಂ ಹೇಳಿದ್ದನ್ನು ಟ್ಯಾಬಿನಲ್ಲೇ ಬರೆದು ತೋರಿಸ್ತೇನೆ ಮಾರಾಯ್ರೆ, ಕೆಲಸಕ್ಕೆ ಬರ್ತದೆ. ಕೆಳಗಿನ ನಾಲ್ಕು ತಂತಿ ಬಿಟ್ಟಿದ್ದೇನೆ, ಅವು ಖಾಲಿ.

```
ಇ |----------0-1-----0-----|
ಬಿ|1---1-3-----------------|
   1 2 3 4 5 6 1 2 3 4 5 6
```

ಕೆಳಗಿನ ಸಾಲು ಎಣಿಕೆ. ಕಾಲಲ್ಲಿ 1 ಮತ್ತು 4ಕ್ಕೆ ತಟ್ಟಿ. ಟ್ಯಾಬ್ ಸಿಕ್ಕಿದ ಕೂಡಲೇ ಗಿಟಾರ್ ತೆಗಿಬೇಡಿ. ಹಾಡು ಹಾಕಿ, ಪೆನ್ಸಿಲಿನಲ್ಲಿ ಎಣಿಕೆ ಬರೆದುಕೊಳ್ಳಿ, ಆಮೇಲೆ ಬೆರಳು. ನಿಮಗೆ ಗೊತ್ತೇ ಇಲ್ಲದ ಹಾಡಿನ ಬರೀ ಅಂಕಿಯ ಟ್ಯಾಬ್ ಸಿಕ್ಕಿದರೆ ಅದು ದಂಡ.

ಇಷ್ಟು ಕಷ್ಟ ಬೇಡ ಅಂತಾದರೆ ಗಿಟಾರ್ ಪ್ರೊ ಅನ್ನುವ ಸಾಫ್ಟ್‌ವೇರಿನ ಥರದ ಫೈಲ್ ಹುಡುಕಿ. ಅದರಲ್ಲಿ ಅಂಕಿಯ ಕೆಳಗೆ ಕಡ್ಡಿ ಇರ್ತದೆ. ನಾಲ್ಕರ ಎಣಿಕೆಯ ಹಾಡಿನಲ್ಲಿ ಬರೀ ಕಡ್ಡಿ ಅಂದರೆ ಒಂದು ಎಣಿಕೆ, ಕಡ್ಡಿಗಳನ್ನು ಒಂದು ಪಟ್ಟಿ ಸೇರಿಸಿದ್ದರೆ ತಲಾ ಅರ್ಧ, ಎರಡು ಪಟ್ಟಿ ಇದ್ದರೆ ತಲಾ ಕಾಲು. ಟಕ್ಸ್‌ಗಿಟಾರ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಾಗಿಲ್ಲ, ಆ ಫೈಲ್‌ಗಳನ್ನು ತೆರೆದು ನುಡಿಸಿ ತೋರಿಸ್ತದೆ. ವೇಗ ಅರ್ಧಕ್ಕೆ ಇಳಿಸಿ ಕೇಳಿ.

ವೀಣೆಯವಳು

ಕಡ್ಡಿ, ಅರ್ಧ, ಕಾಲು ಅಂದರೆ ನಮ್ಮ ಮೂರು ಕಾಲ. ಸರಳೆ ವರಸೆಯನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ಹೇಳಿದವರಿಗೆ ಇದು ಹೊಸದೇನಲ್ಲ. ಒಂದು ತಾಳದ ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು.

ಶಿರಸಿ ಸೋನೆ

ಹಾಗಾದ್ರೆ ಸರಳೆ ವರಸೆಯನ್ನೇ ಟ್ಯಾಬಿನಲ್ಲಿ ಬರೆದು ಕಲಿಯಬಹುದಲ್ವಾ? ಚಿಕ್ಕಂದಿನಲ್ಲಿ ಸಂಗೀತದ ಪಾಠಕ್ಕೆ ಹೋಗಿದ್ದೆ. ಹಾಡು ಬಾಯಿಗೆ ಬರುತ್ತೆ, ಗಿಟಾರಿನಲ್ಲಿ ಎಲ್ಲಿದೆ ಅಂತ ಗೊತ್ತಿಲ್ಲ. ಯಾರಾದ್ರೂ ಬರೆದು ಕೊಡ್ತೀರಾ?

ಆರನೇ ತಂತಿ

ಒಳ್ಳೇ ಯೋಚನೆ. ಕಾಲದ ಚಿಂತೆ ಇಲ್ಲ, ಎಲ್ಲ ಸ್ವರಕ್ಕೂ ಒಂದೇ ಅಳತೆ. ಪುರಂದರದಾಸರು ಹಾಕಿಕೊಟ್ಟ ಕ್ರಮ ಅಂತ ಹೇಳುವ ಹಾಗೆ ಮಾಯಾಮಾಳವಗೌಳ ರಾಗದಲ್ಲೇ ಬರೆದಿದ್ದೇನೆ. ಷಡ್ಜ ಐದನೇ ತಂತಿಯ 3ನೇ ಫ್ರೆಟ್.

```
ಇ |-------------------------|
ಬಿ|-------------------------|
ಜಿ|--------------------4--5-|
ಡಿ|--------2--3--5--6-------|
ಎ |--3--4-------------------|
ಇ |-------------------------|
     ಸ  ರಿ  ಗ  ಮ  ಪ  ದ  ನಿ  ಸ
```

ಇಳಿಯುವಾಗ ಇದನ್ನೇ ಬಲದಿಂದ ಎಡಕ್ಕೆ ಓದಿ. ಮೆಟ್ರೊನೋಮ್ (ಟಕ್ ಟಕ್ ಅಂತ ಲಯ ತೋರಿಸುವ ಸಾಧನ) ನಿಮಿಷಕ್ಕೆ 60ಕ್ಕೆ ಇಡಿ.

ಬೆರಳು: ತೋರುಬೆರಳು 2ನೇ ಫ್ರೆಟ್‌ಗೆ, ನಡುಬೆರಳು 3ಕ್ಕೆ, ಉಂಗುರದ್ದು 4ಕ್ಕೆ, ಕಿರುಬೆರಳು 5ಕ್ಕೆ. ದ ಬಂದಾಗ ಕಿರುಬೆರಳನ್ನು 5ರಿಂದ 6ಕ್ಕೆ ಸರಿಸಿ, ನಿ ಗೆ ಕೈ ವಾಪಸ್.

ಕುಡ್ಲದ ಕಾರ್ಡ್

ಕಿರುಬೆರಳು ಸರಿಸುವುದಾ? ಹೊಸಬರಿಗೆ ಅದು ಆಗ್ಲಿಕ್ಕಿಲ್ಲ ಸರ್. ಅದೇ ಅಂಕಿಗಳು, ಕೈಯನ್ನು ಒಂದು ಫ್ರೆಟ್ ಮುಂದೆ ಇಡಿ. ತೋರುಬೆರಳು 3ಕ್ಕೆ, ನಡುಬೆರಳು 4ಕ್ಕೆ, ಉಂಗುರ 5ಕ್ಕೆ, ಕಿರುಬೆರಳು 6ಕ್ಕೆ. ಎಂಟು ಸ್ವರದಲ್ಲಿ ಏಳು ಕೈಯ ಕೆಳಗೇ ಸಿಗ್ತವೆ. ಗ ಒಂದಕ್ಕೆ ಮಾತ್ರ ತೋರುಬೆರಳು ಒಂದು ಹೆಜ್ಜೆ ಹಿಂದೆ ಚಾಚಿ ಬರಬೇಕು. ಬಲವಾದ ಬೆರಳಿಗೆ ಕಷ್ಟದ ಕೆಲಸ ಕೊಡಿ, ಪಾಪದ ಕಿರುಬೆರಳಿಗೆ ಯಾಕೆ?

ಆರನೇ ತಂತಿ

ಒಪ್ಪಿದೆ, ನಿಮ್ಮದು ಸಲೀಸು. ಮೂರನೇ ಕಾಲದಲ್ಲಂತೂ ಅದೇ ಒಳ್ಳೆಯದು. ನೋಡಿ, ಅಂಕಿ ಎರಡರಲ್ಲೂ ಒಂದೇ, ಕೈ ಬೇರೆ. ಟ್ಯಾಬ್ ಫ್ರೆಟ್ ಹೇಳುತ್ತೆ, ಯಾವ ಬೆರಳು ಅಂತ ಹೇಳಲ್ಲ. ಹೊಸಬರು ಎಲ್ಲದಕ್ಕೂ ತೋರುಬೆರಳನ್ನೇ ಓಡಿಸುವುದಕ್ಕೆ ಇದೂ ಒಂದು ಕಾರಣ. ನಾಲ್ಕು ಫ್ರೆಟ್, ನಾಲ್ಕು ಬೆರಳು, ಇಷ್ಟು ಹಿಡಿದುಕೊಂಡು ಟ್ಯಾಬಿನ ಒಂದು ಸಾಲಿನಲ್ಲಿ ಅತಿ ಸಣ್ಣ ಅಂಕಿ ಯಾವುದು, ಅತಿ ದೊಡ್ಡದು ಯಾವುದು ಅಂತ ಮೊದಲೇ ನೋಡಿ. ಕೈ ಎಲ್ಲಿಡಬೇಕು ಅಂತ ಅಲ್ಲೇ ಗೊತ್ತಾಗುತ್ತೆ. ಸೊನ್ನೆಯನ್ನು ಲೆಕ್ಕಕ್ಕೆ ತಗೋಬೇಡಿ.

ಐದು ಗೆರೆ

ಇಷ್ಟೆಲ್ಲ ಸರ್ಕಸ್ ಮಾಡುವ ಬದಲು ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ, ಕಲಿಯಬಾರದೇ? ಸ್ವರ, ಕಾಲ, ಮೌನ ಎಲ್ಲ ಒಂದೇ ಕಡೆ ಇರುತ್ತೆ. ಕೀಬೋರ್ಡಿನವರು, ವಯೊಲಿನಿನವರು ಬರೆದದ್ದನ್ನೂ ಓದಬಹುದು. ಗಿಟಾರಿನವರು ಮಾತ್ರ ಟ್ಯಾಬ್ ಹಿಡಿದು ಬೇರೆಯವರ ಜೊತೆ ಕೂತಾಗ ಪಿಳಿಪಿಳಿ ನೋಡ್ತಾರೆ. ಶಾಸ್ತ್ರೀಯ ಗಿಟಾರಿನ ಗ್ರೇಡ್ ಪರೀಕ್ಷೆಗೆ ಕೂರುವವರಿಗಂತೂ ಟ್ಯಾಬ್ ನೆಚ್ಚಿಕೊಂಡರೆ ಆಗಲ್ಲ.

ಆರನೇ ತಂತಿ

ಕಲಿತರೆ ಒಳ್ಳೆಯದೇ, ಬೇಡ ಅಂತ ಯಾರೂ ಹೇಳಲ್ಲ. ಆದರೆ ಗಿಟಾರಿಗೆ ಒಂದು ತಾಪತ್ರಯ ಇದೆ. ಬಿಡಿ ಒಂದನೇ ತಂತಿಯ ಇ ಸ್ವರ ಎರಡನೇ ತಂತಿಯ 5ರಲ್ಲೂ ಇದೆ, ಮೂರನೆಯದರ 9ರಲ್ಲೂ ಇದೆ, ನಾಲ್ಕನೆಯದರ 14ರಲ್ಲೂ ಇದೆ. ಎಲೆಕ್ಟ್ರಿಕ್ ಆದರೆ ಐದನೇ ತಂತಿಯ 19ಕ್ಕೂ ಸುಲಭವಾಗಿ ಕೈ ಹೋಗುತ್ತೆ. ಐದು ಗೆರೆಯ ಮೇಲೆ ಎಲ್ಲವೂ ಒಂದೇ ಚುಕ್ಕೆ. ಕೀಬೋರ್ಡಿನಲ್ಲಿ ಈ ಕಷ್ಟವೇ ಇಲ್ಲ, ಒಂದು ಚುಕ್ಕೆಗೆ ಒಂದೇ ಕೀ. ಗಿಟಾರಿನವನು ಯಾವ ಜಾಗದಲ್ಲಿ ಒತ್ತಬೇಕು ಅಂತ ತಾನೇ ಯೋಚಿಸಬೇಕು. ಟ್ಯಾಬ್ ಉತ್ತರ ಕೊಡುವುದು ಆ ಪ್ರಶ್ನೆಗೇ. ಅದಕ್ಕೇ ಒಳ್ಳೇ ಪುಸ್ತಕಗಳಲ್ಲಿ ಮೇಲೆ ಐದು ಗೆರೆ, ಕೆಳಗೆ ಆರು ಗೆರೆ, ಎರಡೂ ಜೋಡಿಯಾಗಿರುತ್ತವೆ. ಕಾಲ ಮೇಲಿಂದ ಓದಿ, ಜಾಗ ಕೆಳಗಿಂದ ಓದಿ.

ಹಳೇ ಪುಟ

ಟ್ಯಾಬ್ ಅಂದರೆ ಇಂಟರ್ನೆಟ್ ಹುಡುಗರ ಅಡ್ಡದಾರಿ ಅಂತ ಐದು ಗೆರೆಯವರ ಧ್ವನಿ ಕೇಳಿ ನಗು ಬಂತು. 1507ರಲ್ಲಿ ವೆನಿಸ್ಸಿನಲ್ಲಿ ಪೆಟ್ರೂಚಿ ಎಂಬ ಮುದ್ರಕ ಸ್ಪಿನಾಚಿನೋ ಎಂಬುವನ ಲ್ಯೂಟ್ ಎಂಬ ತಂತಿವಾದ್ಯದ ಸಂಗೀತವನ್ನು ಅಚ್ಚು ಹಾಕಿದ್ದು ಟ್ಯಾಬಿನಲ್ಲೇ. ಆರು ಗೆರೆ, ಅಂಕಿ. ಅದಕ್ಕೂ ನಮ್ಮ ಟ್ಯಾಬಿಗೂ ಎರಡು ವ್ಯತ್ಯಾಸ. ಒಂದು, ಅಂದಿನ ಇಟಲಿಯವರು ಮಂದ್ರದ ತಂತಿಯನ್ನು ಮೇಲಿನ ಗೆರೆಗೆ ಇಟ್ಟಿದ್ದರು, ಹೊಸಬರು ಬೇಕು ಬೇಕು ಅಂತ ಹಟ ಹಿಡಿಯುವುದು ಹಾಗೇ. ಇನ್ನೊಂದು, ಗೆರೆಗಳ ಮೇಲ್ಗಡೆ ಕಾಲ ತೋರಿಸುವ ಕಡ್ಡಿಗಳಿದ್ದವು. ಫ್ರೆಂಚರು ಅಂಕಿಯ ಬದಲು ಅಕ್ಷರ ಹಾಕುತ್ತಿದ್ದರು, ಎ ಅಂದರೆ ಬಿಡಿ ತಂತಿ, ಬಿ ಅಂದರೆ ಒಂದನೇ ಫ್ರೆಟ್, ಮತ್ತೆ ಅವರದು ಮೇಲಿನ ಗೆರೆ ಸಣ್ಣ ತಂತಿ. 1536ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಲೂಯಿಸ್ ಮಿಲಾನ್ ಎಂಬಾತ ವಿಹುಯೆಲಾ ಎಂಬ ಗಿಟಾರಿನಂಥ ವಾದ್ಯಕ್ಕೆ ಪುಸ್ತಕ ಬರೆದಾಗ ಅಂಕಿ ಇಟ್ಟುಕೊಂಡು, ಸಣ್ಣ ತಂತಿಯನ್ನು ಮೇಲೆ ತಂದ. ಇವತ್ತಿನ ಟ್ಯಾಬ್ ಇರುವುದು ಹಾಗೇ. ಕಾಲವನ್ನು ಬಿಟ್ಟುಬಿಟ್ಟಿದ್ದು ಕಂಪ್ಯೂಟರ್ ಕೀಬೋರ್ಡಿನಲ್ಲಿ ಟ್ಯಾಬ್ ಕುಟ್ಟಿದ ನಮ್ಮ ಕಾಲದವರು. ಅಡ್ಡಗೆರೆ ಹೊಡೆಯುವುದು ಸುಲಭ, ಕಡ್ಡಿ ಬರೆಯುವುದು ಕಷ್ಟ.

ಐದು ಗೆರೆ

ಸರಿ ಸ್ವಾಮಿ, ಟ್ಯಾಬಿನ ಮೇಲೆ ಕೋಪ ಇಲ್ಲ. ಕಾಲ ಇಲ್ಲದ ಟ್ಯಾಬಿನ ಮೇಲೆ ಕೋಪ. ಅಷ್ಟಕ್ಕೆ ರಾಜಿ.

ಬೆಣ್ಣೆನಗರಿ

ಆ ಅಕ್ಷರಗಳ ವಿಷಯ ಉಳಿದುಹೋಯ್ತು. 5ಹೆಚ್7, 7ಪಿ5, 7ಬಿ9 ಅಂತೆಲ್ಲ ಇದೆ. ಒಂದು ಕಡೆ 5, ಓರೆ ಗೆರೆ, 7 ಇದೆ.

ಕುಡ್ಲದ ಕಾರ್ಡ್

ಹೆಚ್ ಅಂದರೆ ಹ್ಯಾಮರ್: 5 ಮೀಟಿ, ಮತ್ತೆ ಮೀಟದೆ 7ರ ಮೇಲೆ ಇನ್ನೊಂದು ಬೆರಳು ಕುಟ್ಟಿ. ಪಿ ಅಂದರೆ ಪುಲ್: 7 ಮೀಟಿ, ಬೆರಳನ್ನು ತಂತಿಗೆ ಸ್ವಲ್ಪ ಕೊಕ್ಕೆ ಹಾಕಿದ ಹಾಗೆ ಎಳೆದು ಬಿಡಿ, 5 ಕೇಳ್ತದೆ. 5ರ ಮೇಲೆ ಬೆರಳು ಮೊದಲೇ ಕೂತಿರಬೇಕು, ಇಲ್ಲದಿದ್ದರೆ ಬಿಡಿ ತಂತಿ ಕೂಗ್ತದೆ. ಓರೆ ಗೆರೆ ಅಂದರೆ ಜಾರಿಸುವುದು, ಒತ್ತಿದ್ದನ್ನು ಸಡಿಲ ಮಾಡಬಾರದು. ಅಲೆ ಅಲೆ ಗೆರೆ ಕಂಡರೆ ಸ್ವರ ಅಲುಗಿಸಿ.

7ಬಿ9 ಬೆಂಡ್. 9ನೇ ಫ್ರೆಟ್ ಒತ್ತಲಿಕ್ಕಿಲ್ಲ. 7 ಒತ್ತಿ, ತಂತಿಯನ್ನು ಅಡ್ಡಕ್ಕೆ ತಳ್ಳಿ, 9ರ ಸ್ವರ ಬರುವ ತನಕ. ಮೊದಲು 9 ನುಡಿಸಿ ಕಿವಿಯಲ್ಲಿ ಇಟ್ಟುಕೊಳ್ಳಿ, ಆಮೇಲೆ ತಳ್ಳಿ ಅಲ್ಲಿಗೆ ಮುಟ್ಟಿಸಿ. ಉಂಗುರದ ಬೆರಳಿನಲ್ಲಿ ತಳ್ಳುವಾಗ ಹಿಂದಿನ ಎರಡು ಬೆರಳು ಅದೇ ತಂತಿಯ ಮೇಲೆ ಇಟ್ಟು ಬಲ ಕೊಡಿ. ಅಕೌಸ್ಟಿಕ್‌ನ ದಪ್ಪ ತಂತಿಯಲ್ಲಿ ಪೂರ್ತಿ ಹೋಗದಿದ್ದರೆ 9ಕ್ಕೆ ಜಾರಿಸಿಬಿಡಿ, ಯಾರೂ ಕೇಸ್ ಹಾಕುವುದಿಲ್ಲ.

ವೀಣೆಯವಳು

ಇವೆಲ್ಲ ನಮಗೆ ನಿತ್ಯದ್ದು. ವೀಣೆಯಲ್ಲೂ ತಂತಿಯನ್ನು ಅಡ್ಡಕ್ಕೆ ಎಳೆದೇ ಮುಂದಿನ ಸ್ವರ ತರುತ್ತೇವೆ, ಜಾರು ಅಂತೂ ಇದ್ದೇ ಇದೆ. ಆದರೆ ಒಂದು ಮಾತು. 7ಬಿ9 ಅಂತ ಬರೆದರೆ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಯ್ತು. ನಿಧಾನಕ್ಕೆ ಹೋಗಬೇಕಾ, ಒಮ್ಮೆಲೇ ಹೋಗಬೇಕಾ, ತುದಿಯಲ್ಲಿ ನಿಲ್ಲಬೇಕಾ, ಅದು ಯಾವ ಲಿಪಿಯಲ್ಲೂ ಪೂರ್ತಿ ಬರಲ್ಲ. ತೋಡಿ ರಾಗದ ಗಾಂಧಾರವನ್ನು ಸ್ವರಲಿಪಿಯಲ್ಲಿ ಬರೀ ಗ ಅಂತ ಬರೆದಿರುತ್ತಾರೆ, ಓದಿ ನುಡಿಸಿದವರು ಯಾರೂ ಇಲ್ಲ. ಶಿರಸಿಯವರೇ, ವರಸೆ ಕೈಗೆ ಬಂದ ಮೇಲೆ ಗಿಟಾರ್ ಪ್ರಸನ್ನ ಅವರು ನುಡಿಸಿದ ಕರ್ನಾಟಕ ಸಂಗೀತ ಕೇಳಿ. ತಂತಿಯನ್ನು ಎಲ್ಲಿ ಎಳೆಯುತ್ತಾರೆ, ಎಲ್ಲಿ ಜಾರಿಸುತ್ತಾರೆ ಅಂತ ಗಮನಿಸಿ.

ಶಿರಸಿ ಸೋನೆ

ಖಂಡಿತ ಮೇಡಂ. ಸರಳೆ ಒಂದನೇ ಕಾಲ ಇವತ್ತು ನೆಟ್ಟಗೆ ಬಂತು. ಕುಡ್ಲದವರ ಬೆರಳು ಕ್ರಮವೇ ಹಿಡಿದೆ. ಇಳಿಯುವಾಗ ಮ ದಿಂದ ಗ ಗೆ ಬರುವಲ್ಲಿ ತಡವರಿಸ್ತೀನಿ.

ಕುಡ್ಲದ ಕಾರ್ಡ್

ಮ, ಗ ಎರಡೂ ತೋರುಬೆರಳೇ, ಅದಕ್ಕೆ. ಇಳಿಯುವಾಗ ಮ ಗೆ ನಡುಬೆರಳು ಹಾಕಿ ನೋಡಿ, ತೋರುಬೆರಳು ಅಷ್ಟರಲ್ಲಿ 2ಕ್ಕೆ ಹೋಗಿ ಕಾಯ್ತಾ ಇರ್ತದೆ.

ಬೆಣ್ಣೆನಗರಿ

ಕೊನೇ ಪ್ರಶ್ನೆ. ಕ್ಯಾಪೋ ಆರ್ಡರ್ ಮಾಡಿದ್ದೇನೆ. 2ನೇ ಫ್ರೆಟ್‌ಗೆ ಹಾಕಿದ ಮೇಲೆ ಟ್ಯಾಬಿನ 3 ಅಂದರೆ ನಿಜವಾದ 3ನೇ ಫ್ರೆಟ್ಟಾ, ಕ್ಯಾಪೋದಿಂದ ಎಣಿಸಿದ 3ನಾ?

ಆರನೇ ತಂತಿ

ಸಾಮಾನ್ಯವಾಗಿ ಕ್ಯಾಪೋದಿಂದ ಎಣಿಸಬೇಕು. ಆಗ ಸೊನ್ನೆ ಅಂದರೆ ಕ್ಯಾಪೋ ಹಿಡಿದ ತಂತಿ, 3 ಅಂದರೆ ಗಿಟಾರಿನ 5ನೇ ಫ್ರೆಟ್. ಕೆಲವರು ನಿಜವಾದ ಫ್ರೆಟ್ ಸಂಖ್ಯೆಯನ್ನೇ ಬರೆದಿರುತ್ತಾರೆ. ಪತ್ತೆ ಹಚ್ಚುವುದು ಸುಲಭ: ಕ್ಯಾಪೋ 2 ಅಂತ ಹೇಳಿ ಟ್ಯಾಬಿನಲ್ಲಿ 0 ಅಥವಾ 1 ಬಂದರೆ ಅದು ಕ್ಯಾಪೋದಿಂದ ಎಣಿಸಿದ್ದು. ನಿಮ್ಮದರಲ್ಲಿ ಎರಡೂ ಇವೆ, ಹಾಗಾಗಿ ಅನುಮಾನವೇ ಇಲ್ಲ. ಕ್ಯಾಪೋವನ್ನು ಫ್ರೆಟ್ ಪಟ್ಟಿಗೆ ಹತ್ತಿರ, ನೇರವಾಗಿ ಹಾಕಿ. ಅದು ತಂತಿಯನ್ನು ಸ್ವಲ್ಪ ಎಳೆಯುವುದರಿಂದ ಶ್ರುತಿ ಕೊಂಚ ಏರುತ್ತೆ, ಹಾಕಿದ ಮೇಲೆ ಇನ್ನೊಮ್ಮೆ ಟ್ಯೂನರ್ ನೋಡಿ. ಆಗ ಟ್ಯೂನರ್ ಪರದೆಯಲ್ಲಿ ಇ ಬದಲು ಎಫ್ ಶಾರ್ಪ್ ತೋರಿಸುತ್ತೆ. ಅದು ಸರಿಯೇ, ತಿರುಪು ಸಡಿಲ ಮಾಡಿ ಇ ಗೆ ಇಳಿಸಬೇಡಿ.